ಮನೆಯ ಹೊರಗೋಡೆಗೆ ಬಣ್ಣ: ಡಬ್ಬ ತರುವ ಮುಂಚೆ ಗೋಡೆ ನೋಡಿ

ಮಂಡ್ಯದ ನಮ್ಮ ಮನೆಯ ಪಶ್ಚಿಮದ ಗೋಡೆಯಿಂದ ಎದ್ದು ಬಂದ ಒಂದು ಬಣ್ಣದ ಚಕ್ಕೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅಂಗೈಯಷ್ಟು ಅಗಲ ಇದೆ. ಮುಂಭಾಗ ತಿಳಿ ಹಳದಿ, ನುಣುಪು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇವತ್ತಿಗೂ ಹೊಸದರ ಹಾಗೆ ಕಾಣುತ್ತದೆ. ತಿರುಗಿಸಿ ನೋಡಿದರೆ ಹಿಂದೆ ಬರೀ ಬಿಳಿ ಪುಡಿ. ಬೆರಳಿಟ್ಟರೆ ಬೆರಳಿಗೇ ಅಂಟುತ್ತದೆ. ಅದು ನಮ್ಮ ತಂದೆ ಪ್ರತಿ ಯುಗಾದಿಗೆ ಹೊಡೆಸುತ್ತಿದ್ದ ಸುಣ್ಣ.

ಆ ಬಣ್ಣ ಹೊಡೆಸಿ ಎರಡು ಮಳೆಗಾಲ ಕಳೆದಿತ್ತು ಅಷ್ಟೆ. ಅಂಗಡಿಯಲ್ಲಿದ್ದ ದುಬಾರಿ ಬಣ್ಣವನ್ನೇ ತಂದಿದ್ದೆವು. ಗೋಡೆ ಹಪ್ಪಳದಂತೆ ಎದ್ದಾಗ ಬಣ್ಣವೇ ಸರಿ ಇಲ್ಲ ಅಂದುಕೊಂಡೆ. ಆಮೇಲೆ ಬಂದ ವಯಸ್ಸಾದ ಪೇಂಟರ್ ಒಬ್ಬರು ಈ ಚಕ್ಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಣ್ಣ ಬುಟ್ಟಿಲ್ಲ ಕಣಪ್ಪ, ಒಳಗಿನ ಸುಣ್ಣ ಬುಟ್ಟದೆ" ಅಂದರು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಇದೆ. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಓಟು ಹಾಕಿದವರ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದ ತಯಾರಾಗುತ್ತಿರುವುದು ಅಲ್ಲೇ. ಆ ಗುರುತನ್ನು ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಳೆ ಚರ್ಮ ಉದುರಿ ಹೊಸದು ಬಂದಾಗ, ಉಗುರು ಬೆಳೆದು ಕತ್ತರಿಸಿದಾಗ ಮಾತ್ರ ಹೋಗುತ್ತದೆ. ಗೋಡೆಯ ಬಣ್ಣದ್ದೂ ಹೆಚ್ಚುಕಡಿಮೆ ಅದೇ ಕಥೆ. ಅಂಟಿಕೊಂಡ ಪದರ ಗಟ್ಟಿ ಇದ್ದರೆ ಬಣ್ಣ ಇರುತ್ತದೆ. ಅದು ಉದುರಿದರೆ ಬಣ್ಣವೂ ಅದರ ಜೊತೆ ಹೋಗುತ್ತದೆ.

ಹಾಗಾಗಿ ಈ ಬರಹದಲ್ಲಿ ರೋಲರ್ ಕೈಗೆ ಬರುವುದು ಅರ್ಧ ದಾಟಿದ ಮೇಲೆ. ದಯವಿಟ್ಟು ಮೊದಲರ್ಧವನ್ನು ಬಿಟ್ಟು ಓದಬೇಡಿ.

ಯಾವಾಗ ಹೊಡೆಸಬೇಕು

ಮೈಸೂರಿನಲ್ಲಿ ಎಲ್ಲರಿಗೂ ದಸರಾ ಹೊತ್ತಿಗೆ ಮನೆ ಹೊಸದಾಗಿ ಕಾಣಬೇಕು ಅಂತ ಆಸೆ. ಆಸೆ ತಪ್ಪಲ್ಲ. ಆದರೆ ಹೊರಗೋಡೆಗೆ ಅಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ನೀರು ಕುಡಿದ ಗೋಡೆ ಅದು. ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಅದರ ಮೇಲೆ ಬಣ್ಣ ಮುಚ್ಚಿದ ಕೂಡಲೇ ಅಕ್ಟೋಬರ್ ಮಳೆ ಬರುತ್ತದೆ. ನವೆಂಬರ್‌ನಲ್ಲೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮೂರು ನಾಲ್ಕು ದಿನ ಜಡಿ ಹಿಡಿಯುತ್ತದೆ.

ಮಳೆ ನಿಂತು ಮೂರು ನಾಲ್ಕು ವಾರ ಗೋಡೆ ಬಿಸಿಲು ಕಾಣಬೇಕು. ಆ ಲೆಕ್ಕದಲ್ಲಿ ನಮ್ಮ ಕಡೆಗೆ ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಸಂಕ್ರಾಂತಿಯಿಂದ ಶಿವರಾತ್ರಿ ನಡುವೆ ಸಿಕ್ಕರೆ ಇನ್ನೂ ಒಳ್ಳೆಯದು. ಏಪ್ರಿಲ್ ಬಂದರೆ ಮಧ್ಯಾಹ್ನದ ಗೋಡೆ ಕಾದ ಹೆಂಚು. ಸಂಜೆ ಆದರೆ ಗಾಳಿ, ಗುಡುಗು, ಆಲಿಕಲ್ಲು. ಯುಗಾದಿಗೆ ಮುಗಿಯುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿಕೊಳ್ಳಿ. ಸಾಧಾರಣ ಎರಡಂತಸ್ತಿನ ಮನೆಗೆ ತೊಳೆಯುವುದರಿಂದ ಹಿಡಿದು ಕೊನೆ ಕೋಟ್‌ವರೆಗೆ ಹದಿನೈದು ದಿನ ಬೇಕು. ನಾಲ್ಕೈದು ದಿನದಲ್ಲಿ ಮುಗಿಸಿಕೊಡುತ್ತೇನೆ ಅನ್ನುವವರು ಗೋಡೆ ಒಣಗಲು ಬಿಡುವುದಿಲ್ಲ ಅಂತಲೇ ಅರ್ಥ.

ಹೊಸ ಮನೆಯಾದರೆ ಕಾಲದ ಜೊತೆ ಇನ್ನೊಂದು ವಿಷಯ ಇದೆ. ಸಿಮೆಂಟ್ ಗಾರೆ ಮಾಡಿ, ನೀರು ಹಾಕಿ ಕ್ಯೂರಿಂಗ್ ಮುಗಿಸಿ, ಕನಿಷ್ಠ 28 ದಿನ ಬಿಡಬೇಕು. ಹಸಿ ಗಾರೆಯಲ್ಲಿ ಕ್ಷಾರ ಜಾಸ್ತಿ. ಅದು ಬಣ್ಣವನ್ನು ಒಳಗಿನಿಂದ ಸುಡುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಇದ್ದರೆ ಒಂದು ಕೋಟ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಪದರ) ಹೊಡೆಸಿ ನಿಲ್ಲಿಸಿ. ಬಿಳಿ ಗೋಡೆಗೆ ಮಾವಿನ ತೋರಣ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಮುಂದಿನ ಬೇಸಗೆಗೆ ಆಗಲಿ.

ಗೋಡೆ ಏನು ಹೇಳುತ್ತದೆ ನೋಡಿ

ಪೇಂಟರ್ ಕರೆಸುವ ಮುಂಚೆ ನೀವೇ ಒಂದು ಬೆಳಿಗ್ಗೆ ಮನೆ ಸುತ್ತ ಓಡಾಡಿ. ನಾಲ್ಕು ಪರೀಕ್ಷೆ ಸಾಕು. ಯಾವುದಕ್ಕೂ ದುಡ್ಡು ಖರ್ಚಿಲ್ಲ.

ಒಣ ಅಂಗೈಯನ್ನು ಗೋಡೆಗೆ ಒತ್ತಿ ಜೋರಾಗಿ ಸವರಿ. ಕೈಗೆ ಪುಡಿ ಹತ್ತಿತೋ, ಆ ಪುಡಿ ಪೂರ್ತಿ ಹೋಗುವವರೆಗೆ ಬಣ್ಣದ ಮಾತು ಬೇಡ. ಹಳೆ ಸುಣ್ಣ, ಹಳೆ ಸ್ನೋಸೆಮ್ (ನೀರಿಗೆ ಕಲಸಿ ಹೊಡೆಯುವ ಸಿಮೆಂಟ್ ಬಣ್ಣ) ಇರುವ ಗೋಡೆಗಳಲ್ಲಿ ಹೀಗೇ ಆಗುವುದು. ನಮ್ಮ ಮನೆಯಲ್ಲಿ ತಪ್ಪಿದ್ದು ಇಲ್ಲೇ.

ಆಮೇಲೆ ಹಳೆ ಬಣ್ಣದ ಮೇಲೆ ಬ್ಲೇಡಿನಿಂದ ಗುಣಿಸು ಗುರುತಿನ ಹಾಗೆ ಗೀರಿ, ಅಗಲದ ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಕಿತ್ತು ನೋಡಿ. ಟೇಪ್ ಬರೀ ಬಂದರೆ ಹಳೆ ಬಣ್ಣ ಗಟ್ಟಿ ಇದೆ, ಅದರ ಮೇಲೆ ಹೊಡೆಯಬಹುದು. ಬಣ್ಣದ ಜೊತೆ ಬಂದರೆ ಆ ಗೋಡೆ ಪೂರ್ತಿ ಕೆರೆಯಬೇಕು.

ಮೂರನೆಯದು ನಾಣ್ಯದಿಂದ ತಟ್ಟುವುದು. ಗಾರೆ ಇಟ್ಟಿಗೆಯನ್ನು ಬಿಟ್ಟಿರುವ ಕಡೆ ಡಬ್ ಡಬ್ ಅಂತ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ಚಾಕ್‌ಪೀಸಿನಲ್ಲಿ ಸುತ್ತ ಗೆರೆ ಹಾಕಿ. ಅಷ್ಟು ಗಾರೆಯನ್ನು ಒಡೆದು ತೆಗೆದು ಹೊಸದಾಗಿ ಮಾಡಿಸಬೇಕು. ಹಾಗೆ ತೇಪೆ ಹಾಕಿದ ಜಾಗಕ್ಕೂ 28 ದಿನದ ಲೆಕ್ಕವೇ. ಆದ್ದರಿಂದ ಈ ಕೆಲಸವನ್ನು ಎಲ್ಲಕ್ಕಿಂತ ಮುಂಚೆ ಮಾಡಿಸಿಬಿಡಿ.

ಕೊನೆಯದು ತೇವದ ಪರೀಕ್ಷೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಡಿ. ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಅಥವಾ ಆ ಜಾಗ ಕಪ್ಪಾಗಿದ್ದರೆ ಗೋಡೆ ಇನ್ನೂ ಉಸಿರು ಬಿಡುತ್ತಿದೆ. ಕಾಯಬೇಕು. ಬಚ್ಚಲುಮನೆಯ ಹೊರಗೋಡೆ, ಸಜ್ಜದ ಮೇಲ್ಭಾಗ, ನೆಲದಿಂದ ಎರಡಡಿ ಎತ್ತರ, ಈ ಮೂರು ಕಡೆ ಖಂಡಿತ ಮಾಡಿ.

ನೀರು ಎಲ್ಲಿಂದ ಬರುತ್ತಿದೆ

ತೇವ ಕಂಡರೆ ಅದರ ಮೂಲ ಹುಡುಕಿ. ವಾಟರ್‌ಪ್ರೂಫ್ ಅಂತ ಬರೆದಿರುವ ಬಣ್ಣ ಹೊರಗಿನ ಮಳೆಯನ್ನು ತಡೆಯುತ್ತದೆ, ಗೋಡೆಯ ಹಿಂದಿನಿಂದ ಬರುವ ನೀರನ್ನಲ್ಲ. ಹಿಂದಿನಿಂದ ಬಂದ ನೀರಿಗೆ ಹೊರಬರಲು ದಾರಿ ಸಿಗದೆ ಬಣ್ಣವನ್ನೇ ಬಲೂನಿನಂತೆ ಎತ್ತುತ್ತದೆ.

ಮೊದಲು ಮಹಡಿ ಹತ್ತಿ ಪ್ಯಾರಪೆಟ್ ಗೋಡೆಯ ತಲೆ ನೋಡಿ. ಹೆಚ್ಚಿನ ಮನೆಗಳಲ್ಲಿ ರೋಗ ಶುರುವಾಗುವುದು ಅಲ್ಲಿ. ತಲೆಯ ಮೇಲಿನ ಗಾರೆ ಸೀಳಿ, ಆ ಸೀಳಿನಲ್ಲಿ ನೀರಿಳಿದು, ಎಷ್ಟೋ ಅಡಿ ಕೆಳಗೆ ಬಣ್ಣ ಏಳುತ್ತದೆ. ಪ್ಯಾರಪೆಟ್ ತಲೆಯ ಇಳಿಜಾರು ಮಹಡಿಯ ಒಳಕ್ಕೆ ಇರಬೇಕು, ಬೀದಿಯ ಕಡೆಗಲ್ಲ. ಹೊರಕ್ಕೆ ಇದ್ದರೆ ಧೂಳು ತೊಳೆದ ನೀರು ಗೋಡೆ ಮೇಲೆ ಕಪ್ಪು ಗೆರೆ ಬಿಡಿಸುತ್ತಲೇ ಇರುತ್ತದೆ. ಸಜ್ಜದ ತುದಿಯ ಕೆಳಮೈಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಬಿಟ್ಟಿರಬೇಕು. ಅದು ಇದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಇಲ್ಲದಿದ್ದರೆ ಅಡಿಯಲ್ಲೇ ಹರಿದು ಗೋಡೆ ಸೇರುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದು, ಪೈಪಿನ ಜಾಯಿಂಟ್ ಜಿನುಗುವುದು, ಗೋಡೆಗೆ ಒರಗಿಸಿಟ್ಟ ಹೂಕುಂಡ, ಇವೂ ಅಷ್ಟೇ ಕೆಲಸ ಕೆಡಿಸುತ್ತವೆ.

ಮಂಡ್ಯದ ಕಡೆ ಇನ್ನೊಂದು ತೊಂದರೆ ಇದೆ. ನಮ್ಮ ಮನೆ ಹಿಂದೆ ಗದ್ದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಹಿಂದಿನ ಗೋಡೆಯ ಬುಡ ಕಪ್ಪಾಗುತ್ತದೆ. ನೀರು ಕಟ್ಟಾದ ಮೇಲೆ ಅದೇ ಜಾಗದಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ನೆಲದ ತೇವ ಇಟ್ಟಿಗೆ ಹಿಡಿದು ಮೇಲೇರಿ, ಗೋಡೆಯ ಮೇಲೆ ಆರಿ, ಉಪ್ಪನ್ನು ಬಿಟ್ಟು ಹೋಗುತ್ತದೆ. ಇಂಥ ಬುಡಕ್ಕೆ ಪುಟ್ಟಿ (ಗೋಡೆ ನುಣುಪು ಮಾಡಲು ಬಳಿಯುವ ಹಿಟ್ಟು) ಮೆತ್ತಿ, ದಪ್ಪ ಬಣ್ಣ ಹೊಡೆದು ಮುಚ್ಚಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ನಾವು ಗೋಡೆಗೆ ಒರಗಿದ್ದ ಮಣ್ಣನ್ನು ತೆಗೆಸಿ, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿಸಿದೆವು. ಅಷ್ಟರಿಂದಲೇ ತುಂಬ ಕಡಿಮೆಯಾಯಿತು. ಆದರೂ ಬುಡದ ಎರಡಡಿಗೆ ಪುಟ್ಟಿ ಹಾಕಿಸಲಿಲ್ಲ.

ಉಪ್ಪನ್ನು ತೆಗೆಯುವಾಗ ನೀರು ಹಾಕಬೇಡಿ. ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಷ್‌ನಿಂದ ಗುಡಿಸಿ, ಮೊರಕ್ಕೆ ಬಳಿದುಕೊಂಡು ಆಚೆ ಹಾಕಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಮತ್ತೆ ಬಂದರೆ ಮತ್ತೆ ಗುಡಿಸಿ.

ತೊಳೆದು ಕೆರೆಯುವ ಕೆಲಸ

ಉತ್ತರದ ಗೋಡೆಗೆ ಬಿಸಿಲು ಕಡಿಮೆ. ಅಲ್ಲಿ ಪಾಚಿ, ಕಪ್ಪು ಬೂಷ್ಟು ಸಾಮಾನ್ಯ. ಸುಮ್ನೆ ಉಜ್ಜಿದರೆ ಕಣ್ಣಿಗೆ ಹೋದಂತೆ ಕಾಣುತ್ತದೆ, ಬೇರು ಉಳಿದು ಹೊಸ ಬಣ್ಣವನ್ನೂ ತಿನ್ನುತ್ತದೆ. ಮೊದಲು ಒಣಗಿದ್ದನ್ನು ತಂತಿ ಬ್ರಷ್‌ನಲ್ಲಿ ಕೆರೆಯಿರಿ. ಹತ್ತು ಲೀಟರ್ ನೀರಿಗೆ ಅರ್ಧ ಕೆ.ಜಿ. ಬ್ಲೀಚಿಂಗ್ ಪೌಡರ್ ಕಲಸಿ, ತಿಳಿ ನೀರನ್ನು ಬಸಿದು, ಗೋಡೆಗೆ ಬಳಿಯಿರಿ. ಆರೇಳು ಗಂಟೆ ಬಿಟ್ಟು ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಜಾಸ್ತಿ ಇದ್ದರೆ ಇನ್ನೊಂದು ಸಲ. ಕೈಗವಸು, ಕನ್ನಡಕ ಬೇಕು. ಬ್ಲೀಚಿಂಗ್ ಜೊತೆ ಆ್ಯಸಿಡ್ ಅಥವಾ ಟಾಯ್ಲೆಟ್ ತೊಳೆಯುವ ದ್ರವ ಯಾವುದನ್ನೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ತುಳಸಿ ಕಟ್ಟೆ, ಮಲ್ಲಿಗೆ ಬಳ್ಳಿ ಹತ್ತಿರ ಇದ್ದರೆ ಪ್ಲಾಸ್ಟಿಕ್ ಹೊದಿಸಿ.

ಉಳಿದ ಗೋಡೆಗಳಿಗೆ ಮೇಲಿನಿಂದ ಕೆಳಕ್ಕೆ ಪೈಪ್ ಹಿಡಿದು ಧೂಳು ತೊಳೆಯಬೇಕು. ಸಕ್ಕರೆ ಕಾರ್ಖಾನೆ ಹತ್ತಿರದವರಿಗೆ ಕಬ್ಬು ಅರೆಯುವ ಕಾಲದಲ್ಲಿ ಬೀಳುವ ಕರಿಬೂದಿ ಗೊತ್ತೇ ಇರುತ್ತದೆ. ಅದನ್ನು ಬರೀ ನೀರು ಬಿಡಿಸುವುದಿಲ್ಲ, ಸ್ವಲ್ಪ ಸೋಪಿನ ನೀರು ಬೇಕು. ಸೋಪು ಉಳಿಯದಂತೆ ಮತ್ತೆ ತೊಳೆಯಿರಿ. ಪ್ರೆಶರ್ ಪಂಪ್ ಬಾಡಿಗೆಗೆ ಸಿಕ್ಕರೆ ಕೆಲಸ ಸಲೀಸು. ಆದರೆ ಹಳೆ ಗಾರೆಯ ಹತ್ತಿರ ನಳಿಕೆ ಹಿಡಿದರೆ ಗಾರೆಯೇ ಕಿತ್ತು ಬರುತ್ತದೆ, ಒಂದೂವರೆ ಅಡಿ ದೂರ ಇರಲಿ. ತೊಳೆಯುವ ದಿನ ಹೊರಗಿನ ಸ್ವಿಚ್, ಮೀಟರ್ ಬೋರ್ಡ್ ಮುಚ್ಚಿ, ಮೇನ್ ಆಫ್ ಮಾಡಿ.

ಇನ್ನು ಸುಣ್ಣ, ಸ್ನೋಸೆಮ್ ಇರುವ ಗೋಡೆ. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನ ಎಲ್ಲ ಖರ್ಚೂ ನೀರಿನಲ್ಲಿ ಹೋಮ. ಗೋಡೆಯನ್ನು ಒದ್ದೆ ಮಾಡಿ, ಸುಣ್ಣ ನೆನೆದ ಮೇಲೆ ಅಗಲದ ಪಟ್ಟಿಯಿಂದ ಕೆರೆದು ತೆಗೆಯಬೇಕು. ಆ ಪೇಂಟರ್ ನಮ್ಮ ಪಶ್ಚಿಮದ ಗೋಡೆ ಒಂದಕ್ಕೇ ಇಬ್ಬರು ಹುಡುಗರನ್ನು ಮೂರು ದಿನ ಹಾಕಿದರು. ಸಂಜೆ ಹೊತ್ತಿಗೆ ಆ ಹುಡುಗರ ರೆಪ್ಪೆಯ ಮೇಲೂ ಸುಣ್ಣ ಕೂತಿರುತ್ತಿತ್ತು. ಕೊನೆಗೆ ಅವರು ಬಂದು ಅಂಗೈ ಸವರಿ, ಕೈಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಕಡೆ ಮತ್ತೆ ಕೆರೆಸಿದರು. ಆ ಮೂರು ದಿನದ ಕೂಲಿ ಆಗ ಜಾಸ್ತಿ ಅನ್ನಿಸಿತ್ತು. ಆ ಗೋಡೆ ಈಗ ಏಳು ಮಳೆಗಾಲ ಕಂಡಿದೆ. ಒಂದು ಚಕ್ಕೆ ಎದ್ದಿಲ್ಲ.

ಕೆರೆದು, ಉಪ್ಪುಕಾಗದ ಹಾಕಿ, ಧೂಳು ತೊಳೆದ ಮೇಲೆ ಎರಡು ಮೂರು ದಿನ ಬಿಸಿಲಿಗೆ ಬಿಡಿ.

ಬಿರುಕು

ಕೂದಲೆಳೆಯಂಥ ಬಿರುಕಿಗೆ ಜಾಸ್ತಿ ಯೋಚನೆ ಬೇಡ. ಪ್ರೈಮರ್ ಮತ್ತು ಒಳ್ಳೆಯ ಬಣ್ಣವೇ ತುಂಬಿಕೊಳ್ಳುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಅಗಲ ಇದ್ದರೆ ಅದನ್ನು ಇನ್ನೂ ಅಗಲ ಮಾಡಬೇಕು. ಕೇಳಲು ವಿಚಿತ್ರ, ಅಲ್ವಾ? ಆದರೆ ಸಣ್ಣ ಸೀಳಿನ ಬಾಯಿಗೆ ಮೇಲೆ ಮೇಲೆ ಪುಟ್ಟಿ ಸವರಿದರೆ ಅದು ಒಳಗೆ ಇಳಿಯುವುದಿಲ್ಲ. ಕಟರ್‌ನಿಂದಲೋ ಪಟ್ಟಿಯ ಮೂಲೆಯಿಂದಲೋ ಇಂಗ್ಲಿಷಿನ ವಿ ಅಕ್ಷರದ ಹಾಗೆ ಐದಾರು ಮಿಲಿಮೀಟರ್ ಆಳಕ್ಕೆ ಬಿಡಿಸಿ, ಧೂಳು ತೆಗೆದು, ಹೊರಗೋಡೆಗೆ ಅಂತಲೇ ಸಿಗುವ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಆರಿದ ಮೇಲೆ ಕುಗ್ಗಿದ್ದರೆ ಇನ್ನೊಂದು ಸಲ.

ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ನೇರವಾದ ಬಿರುಕು ಬರುತ್ತದೆ. ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಲಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಬರೀ ಫಿಲ್ಲರ್ ಹಾಕಿದರೆ ಮುಂದಿನ ಬೇಸಗೆಗೆ ಮತ್ತೆ ಬಾಯಿ ಬಿಡುತ್ತದೆ. ಫಿಲ್ಲರ್ ಮೇಲೆ ಫೈಬರ್ ಮೆಶ್ ಟೇಪ್ ಅಂಟಿಸಿ ಅದರ ಮೇಲೆ ಇನ್ನೊಂದು ಪದರ ಕೊಡಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ವರ್ಷ ವರ್ಷ ದೊಡ್ಡದಾಗುತ್ತಿರುವ ಬಿರುಕು ಬಣ್ಣದವರ ಕೆಲಸವಲ್ಲ. ಇಂಜಿನಿಯರ್‌ಗೆ ತೋರಿಸಿ.

ಪುಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಹೊರಗೋಡೆಗೆ ಪೂರ್ತಿ ಪುಟ್ಟಿ ಬಳಿಸಬೇಡಿ. ಒಳಗೋಡೆಯ ನುಣುಪು ಹೊರಗೆ ಯಾಕೆ ಬೇಕು? ಮೂರು ಅಡಿ ದೂರದಿಂದ ಯಾರೂ ನೋಡುವುದಿಲ್ಲ. ಗಾರೆಯ ತರಿಯನ್ನು ಬಣ್ಣ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಗುಂಡಿ ಬಿದ್ದ ಕಡೆ, ತೇಪೆ ಹಾಕಿದ ಕಡೆ ಮಾತ್ರ ಬಿಳಿ ಸಿಮೆಂಟ್ ಪುಟ್ಟಿ ತೆಳ್ಳಗೆ ಹಾಕಿಸಿ. ಡಬ್ಬದಲ್ಲಿ ಬರುವ ಅಕ್ರಿಲಿಕ್ ಪುಟ್ಟಿ ಒಳಗೋಡೆಗೆ ಮಾಡಿದ್ದು. ಉಳಿದಿದೆ ಅಂತ ಹೊರಗೆ ಬಳಸಿದರೆ ಮಳೆಗೆ ಮೆತ್ತಗಾಗುತ್ತದೆ.

ಪ್ರೈಮರ್

ಇದನ್ನು ಬಿಟ್ಟು ಎರಡು ಕೋಟ್ ಬದಲು ಮೂರು ಕೋಟ್ ಬಣ್ಣ ಹೊಡೆಯೋಣ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಗೋಡೆ ಒಂದು ಕಡೆ ಜಾಸ್ತಿ ಹೀರುತ್ತದೆ, ಇನ್ನೊಂದು ಕಡೆ ಕಡಿಮೆ. ಪ್ರೈಮರ್ ಅದನ್ನು ಸಮ ಮಾಡುತ್ತದೆ, ಗಾರೆಯ ಕ್ಷಾರವನ್ನು ತಡೆಯುತ್ತದೆ, ಬಣ್ಣಕ್ಕೆ ಹಿಡಿತ ಕೊಡುತ್ತದೆ. ಎಕ್ಸ್‌ಟೀರಿಯರ್ ಅಂತ ಬರೆದಿರುವುದೇ ಆಗಬೇಕು. ಬಣ್ಣದ ಕಂಪನಿಯದ್ದೇ ಪ್ರೈಮರ್ ತಂದರೆ ಒಳ್ಳೆಯದು. ಮುಂದೆ ವಾರಂಟಿ ಕೇಳಲು ಹೋದಾಗ ಮೊದಲ ಪ್ರಶ್ನೆ ಪ್ರೈಮರ್ ಮತ್ತು ತೇವದ ಬಗ್ಗೆಯೇ ಬರುತ್ತದೆ.

ಕೆರೆದ ಮೇಲೂ ಹಳೆ ಗೋಡೆ ಸ್ವಲ್ಪ ಪುಡಿ ಬಿಡುತ್ತಿದ್ದರೆ ಮೊದಲ ಕೋಟನ್ನು ರೋಲರ್ ಬದಲು ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಹೊಡೆಸಿ. ರೋಲರ್ ಪುಡಿಯ ಮೇಲೆ ಹೊದಿಕೆ ಹಾಕುತ್ತದೆ, ಬ್ರಷ್ ಒಳಕ್ಕೆ ತುಂಬುತ್ತದೆ. ಒಂದು ರಾತ್ರಿ ಒಣಗಲು ಬಿಡಿ.

ಯಾವ ಬಣ್ಣ, ಎಷ್ಟು

ನಮ್ಮ ಹಳ್ಳಿ ಮನೆಗಳಲ್ಲಿ ಮೇಲೆ ಬಿಳಿ ಸುಣ್ಣ, ಬುಡದಲ್ಲಿ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟೆ ಇರುತ್ತಿತ್ತು. ಅಂದಕ್ಕೆ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಮಳೆ ಬಿದ್ದಾಗ ಅಂಗಳದ ಕೆಂಪು ಮಣ್ಣು ಸಿಡಿಯುವುದು ಸರಿಯಾಗಿ ಅಷ್ಟೇ ಎತ್ತರಕ್ಕೆ. ಅಲ್ಲದೆ ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಅದು ಸುಲಭಕ್ಕೆ ಮಾಸುವುದಿಲ್ಲ. ಇವತ್ತಿನ ಡಬ್ಬದ ಬಣ್ಣದಲ್ಲೂ ಇದೇ ನಿಯಮ. ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ, ಕಂದು, ಕೆನೆ ಬಿಳಿ ಬಾಳಿಕೆ ಬರುತ್ತವೆ. ಕಣ್ಣು ಕುಕ್ಕುವ ನೇರಳೆ, ಗುಲಾಬಿ, ನಿಂಬೆ ಹಳದಿ ಹೊರಗಡೆ ಬೇಗ ಬಿಳಿಚಿಕೊಳ್ಳುತ್ತವೆ. ಗಾಢ ಬಣ್ಣ ಬಿಸಿಲನ್ನು ಹೀರಿ ಗೋಡೆಯನ್ನೂ ಕಾಯಿಸುತ್ತದೆ. ಗಾಢ ಬಣ್ಣ ಬೇಕೇ ಬೇಕು ಅಂದರೆ ಪೂರ್ವ ಅಥವಾ ಉತ್ತರದ ಗೋಡೆಗೆ ಹಾಕಿ. ದಕ್ಷಿಣ, ಪಶ್ಚಿಮಕ್ಕೆ ಬೇಡ. ಬುಡಕ್ಕೆ ಕಾವಿ ಬಣ್ಣದ ಪಟ್ಟೆ ಹಾಕಿಸಿದರೆ ನಮ್ಮ ಅಜ್ಜಿಯರ ಲೆಕ್ಕ ಇವತ್ತಿಗೂ ಸರಿ ಬರುತ್ತದೆ.

ಅಂಗಡಿಯಲ್ಲಿ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಕೇಳಿ. ಒಳಗಿನ ಎಮಲ್ಷನ್ ಅಗ್ಗ ಅಂತ ಹೊರಗೆ ಬಳಸಬಾರದು. ಅದರಲ್ಲಿ ಬಿಸಿಲು, ಪಾಚಿ ತಡೆಯುವ ಅಂಶ ಇರುವುದಿಲ್ಲ. ಮುಂಗಾರಿನ ಗಾಳಿಮಳೆ ನಮಗೆ ಪಶ್ಚಿಮ, ನೈರುತ್ಯದಿಂದ ಬಂದು ಹೊಡೆಯುತ್ತದೆ. ದುಡ್ಡು ಕಡಿಮೆ ಇದ್ದರೆ ಆ ಕಡೆಯ ಗೋಡೆಗೆ ಒಳ್ಳೆಯ ದರ್ಜೆಯದ್ದು, ನೆರೆಮನೆಗೆ ಅಂಟಿಕೊಂಡ ಗೋಡೆಗೆ ಸಾಧಾರಣದ್ದು ಅಂತ ಮಾಡಿಕೊಳ್ಳಬಹುದು.

ಲೆಕ್ಕ ಹೀಗೆ ಹಾಕಿ. 30-40 ಸೈಟಿನಲ್ಲಿ 25 ಅಡಿ, 35 ಅಡಿ ಅಳತೆಯ ಮನೆ ಅಂದುಕೊಳ್ಳಿ. ಸುತ್ತಳತೆ 120 ಅಡಿ. ಎರಡಂತಸ್ತು, ಪ್ಯಾರಪೆಟ್ ಸೇರಿ ಎತ್ತರ 24 ಅಡಿ. ಗುಣಿಸಿದರೆ 2,880 ಚದರಡಿ. ಕಿಟಕಿ ಬಾಗಿಲು 380 ಕಳೆದರೆ 2,500. ಎರಡು ಕೋಟ್‌ಗೆ ಒಂದು ಲೀಟರ್ ಸುಮಾರು 50 ಚದರಡಿ ಬರುತ್ತದೆ ಅಂತ ಇಟ್ಟುಕೊಂಡರೆ 50 ಲೀಟರ್ ಬೇಕು. ಅಂದರೆ 20 ಲೀಟರಿನ ಎರಡು ಬಕೆಟ್, 10 ಲೀಟರಿನ ಒಂದು. ಗೋಡೆ ತರಿ ಜಾಸ್ತಿ ಇದ್ದರೆ ಇನ್ನಷ್ಟು ಬೇಕಾಗುತ್ತದೆ. ನಿಮ್ಮ ಬಣ್ಣದ ಲೆಕ್ಕ ಡಬ್ಬದ ಮೇಲೇ ಇರುತ್ತದೆ, ನೋಡಿ. ಈ ಲೆಕ್ಕ ನಿಮಗೆ ಗೊತ್ತಿದ್ದರೆ ಇನ್ನೊಂದು ಉಪಯೋಗ ಇದೆ. 50 ಲೀಟರ್ ಬೇಕಾದ ಗೋಡೆ 30 ಲೀಟರಿನಲ್ಲಿ ಮುಗಿದರೆ ಖುಷಿಪಡಬೇಡಿ. ಉಳಿದದ್ದನ್ನು ನೀರು ತುಂಬಿದೆ.

ಬಣ್ಣ ಹೊಡೆಯುವ ದಿನ

ಬಕೆಟ್‌ಗಳನ್ನು ನಿಮ್ಮ ಎದುರೇ ಬಿಚ್ಚಿಸಿ. ಮೆಷಿನ್‌ನಲ್ಲಿ ಬೆರೆಸಿದ ಬಣ್ಣ ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಕೂದಲೆಳೆ ವ್ಯತ್ಯಾಸ ಇರಬಹುದು. ದೊಡ್ಡ ಡ್ರಮ್ ಇದ್ದರೆ ಎಲ್ಲವನ್ನೂ ಸೇರಿಸಿ ಕಲಸಿ. ಇಲ್ಲದಿದ್ದರೆ ಒಂದು ಗೋಡೆಯ ನಡುವೆ ಬಕೆಟ್ ಬದಲಾಗದಂತೆ ನೋಡಿಕೊಳ್ಳಿ. ನೀರು ಎಷ್ಟು ಬೆರೆಸಬೇಕು ಅಂತ ಡಬ್ಬದ ಮೇಲಿದೆ. ಅಳತೆ ಮಗ್ ಕೊಟ್ಟು ಅಷ್ಟೇ ಹಾಕಿಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕಾವೇರಿ ನಲ್ಲಿ ನೀರೇ ಇರಲಿ.

ಕಾದ ಗೋಡೆಗೆ ಬಣ್ಣ ಹೊಡೆಯಬಾರದು. ಹೊಡೆದ ತಕ್ಷಣ ನೀರು ಆರಿ, ಬಣ್ಣ ಗೋಡೆಗೆ ಹಿಡಿಯುವ ಮುಂಚೆಯೇ ಒಣಗುತ್ತದೆ. ಸೂರ್ಯನ ಹಿಂದೆ ಹಿಂದೆ ಹೋಗಿ. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ ಗೋಡೆ. ನೆರಳು ಬಂದ ಕಡೆ ಕೆಲಸ. ಚಳಿಗಾಲದಲ್ಲಿ ನಮ್ಮಲ್ಲಿ ಇಬ್ಬನಿ ಜೋರು. ಬೆಳಿಗ್ಗೆ ಒಂಬತ್ತೂವರೆ ಹತ್ತರವರೆಗೆ ಗೋಡೆ ಒದ್ದೆ ಇರುತ್ತದೆ, ಮುಟ್ಟಿ ನೋಡಿಯೇ ಶುರು ಮಾಡಿ. ಸಂಜೆ ನಾಲ್ಕಕ್ಕೆ ನಿಲ್ಲಿಸಿ. ತಡವಾಗಿ ಹೊಡೆದ ಗೋಡೆಗೆ ರಾತ್ರಿ ಇಬ್ಬನಿ ಕೂತರೆ ಮಾರನೆ ದಿನ ಸೋಪಿನ ನೀರು ಇಳಿದ ಹಾಗೆ ಜಿಗುಟು ಗೆರೆ ಕಾಣುತ್ತದೆ. ಮೈಸೂರಿನ ನಮ್ಮ ಅಕ್ಕನ ಮನೆಯಲ್ಲಿ ಹೀಗಾಗಿತ್ತು. ಬಣ್ಣ ಪೂರ್ತಿ ಒಣಗಿದ ಮೇಲೆ ಬರೀ ನೀರಿನಲ್ಲಿ ತೊಳೆದರೆ ಹೋಯಿತು. ಅಕ್ಕ ಮಾತ್ರ ಎರಡು ದಿನ ಊಟ ಬಿಟ್ಟಿದ್ದಳು.

ಮೇಲಿನಿಂದ ಕೆಳಕ್ಕೆ ಬನ್ನಿ. ಮೂಲೆ, ಕಿಟಕಿ ಸುತ್ತ, ಪೈಪಿನ ಹಿಂದೆ ಬ್ರಷ್. ಉಳಿದ ಕಡೆ ರೋಲರ್. ತರಿ ಗಾರೆಗೆ ಉದ್ದ ಎಳೆಯ ರೋಲರ್ ಬೇಕು, ಇಲ್ಲದಿದ್ದರೆ ಗುಳಿಗಳಲ್ಲಿ ಬಣ್ಣ ಕೂರುವುದಿಲ್ಲ. ಒಂದು ಗೋಡೆ ಶುರು ಮಾಡಿದರೆ ಮೂಲೆಯವರೆಗೆ ಮುಗಿಸಿಯೇ ಟೀ ಕುಡಿಯಲಿ. ಮಧ್ಯದಲ್ಲಿ ಬಿಟ್ಟು ಬಂದರೆ ಒಣಗಿದ ಅಂಚಿನ ಮೇಲೆ ಹೊಸ ಬಣ್ಣ ಬಿದ್ದು ಆ ಗೆರೆ ಶಾಶ್ವತವಾಗಿ ಉಳಿಯುತ್ತದೆ. ಮೊದಲ ಕೋಟ್‌ಗೂ ಎರಡನೆಯದಕ್ಕೂ ನಡುವೆ ನಾಲ್ಕರಿಂದ ಆರು ಗಂಟೆ ಸಾಕು ಅಂತ ಡಬ್ಬ ಹೇಳುತ್ತದೆ. ನಾನು ಒಂದು ರಾತ್ರಿ ಬಿಡಿ ಅನ್ನುತ್ತೇನೆ. ಎರಡನೆ ಕೋಟ್ ಯಾವ ಕಾರಣಕ್ಕೂ ಬಿಡಬೇಡಿ.

ಸಾರವೆ ಕಟ್ಟಿದಾಗ ಒಂದು ಸಲ ನೀವೇ ಅಲುಗಾಡಿಸಿ ನೋಡಿ. ಎರಡನೆ ಮಹಡಿ ಎತ್ತರದಲ್ಲಿ ನಿಂತು ಕೆಲಸ ಮಾಡುವವರಿಗೆ ಸೇಫ್ಟಿ ಬೆಲ್ಟ್ ಇಲ್ಲದಿದ್ದರೆ ತರಿಸಿ, ಖರ್ಚು ನಿಮ್ಮದೇ ಆಗಲಿ. ಮನೆ ಮುಂದೆ ಕರೆಂಟಿನ ತಂತಿ ಹಾದುಹೋಗಿದ್ದರೆ ಕಬ್ಬಿಣದ ಏಣಿ, ಕಬ್ಬಿಣದ ರೋಲರ್ ಕೋಲು ಬೇಡವೇ ಬೇಡ.

ಕಿಟಕಿ ಸರಳು, ಗೇಟು ಇದ್ದರೆ ತುಕ್ಕು ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು, ಗೋಡೆಯ ಕೊನೆ ಕೋಟ್‌ಗೆ ಮುಂಚೆ ಎನಾಮಲ್ ಮುಗಿಸಿ. ತುಂಬ ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಹಳೆ ಸರಳನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರ ಇಡಿ.

ಹಳೆ ಸುಣ್ಣದ ಗಾರೆಯ ಮನೆಯಾದರೆ

ಮೈಸೂರಿನ ಅಗ್ರಹಾರದ ಕಡೆ, ಶ್ರೀರಂಗಪಟ್ಟಣದಲ್ಲಿ ಮಣ್ಣು, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆ ಮನೆಗಳು ಇನ್ನೂ ಇವೆ. ನಿಮ್ಮದು ಅಂಥದ್ದಾದರೆ ಮೇಲೆ ಹೇಳಿದ್ದರಲ್ಲಿ ಅರ್ಧ ನಿಮಗಲ್ಲ. ಆ ಗೋಡೆಗಳು ತೇವ ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತವೆ. ಅವಕ್ಕೆ ಪ್ಲಾಸ್ಟಿಕ್‌ನಂಥ ಅಕ್ರಿಲಿಕ್ ಪದರ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿದು ಗಾರೆ ಕೊಳೆಯುತ್ತದೆ. ಇಂಥ ಮನೆಗೆ ಸುಣ್ಣವೇ ಸರಿ. ಸಿಮೆಂಟ್ ತೇಪೆಯೂ ಬೇಡ, ಸುಣ್ಣದ ಗಾರೆಯಲ್ಲೇ ತೇಪೆ ಹಾಕಿಸಿ. ಚೆನ್ನಾಗಿ ಅರಳಿಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಒದ್ದೆ ಗೋಡೆಗೆ ಮೂರು ನಾಲ್ಕು ಸಲ ಹೊಡೆಯಬೇಕು. ದಪ್ಪಗೆ ಒಂದೇ ಸಲ ಹೊಡೆದರೆ ಪುಡಿಯಾಗಿ ಉದುರುತ್ತದೆ. ಬಣ್ಣ ಬೇಕಿದ್ದರೆ ಕಾವಿ ಅಥವಾ ಹಳದಿ ಮಣ್ಣು ಬೆರೆಸಿ. ಎರಡು ಮೂರು ವರ್ಷಕ್ಕೆ ಮತ್ತೆ ಹೊಡೆಯಬೇಕಾಗುತ್ತದೆ, ನಿಜ. ಆದರೆ ಕೆರೆಯುವ ಕೆಲಸ ಕಡಿಮೆ, ಗೋಡೆಯೂ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ

ಪೇಂಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ: ತೊಳೆದು ಕೆರೆದ ಮೇಲೆ ಒಂದು ಕಂತು, ಪ್ರೈಮರ್ ಆದ ಮೇಲೆ ಒಂದು, ಎರಡನೆ ಕೋಟ್ ಆದ ಮೇಲೆ ಉಳಿದದ್ದು. ಕೆರೆಯುವ ಕೆಲಸಕ್ಕೆ ದಿನಗೂಲಿ ಕೊಡುವುದು ಒಳ್ಳೆಯದು. ಚದರಡಿ ಲೆಕ್ಕಕ್ಕೆ ಕೊಟ್ಟರೆ ಅವರಿಗೂ ಗಿಟ್ಟುವುದಿಲ್ಲ, ಅವಸರ ಮಾಡುತ್ತಾರೆ. ತಪ್ಪು ಅವರದ್ದಲ್ಲ.

ಉಳಿದ ಬಣ್ಣದಲ್ಲಿ ಒಂದು ಲೀಟರನ್ನು ಗಾಳಿಯಾಡದ ಡಬ್ಬಕ್ಕೆ ತುಂಬಿಸಿ, ಶೇಡ್ ನಂಬರ್, ತಿಂಗಳು, ವರ್ಷ ಬರೆದು ನೆರಳಿನಲ್ಲಿಡಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಗೋಡೆಯನ್ನು ಪೈಪಿನಲ್ಲಿ ತೊಳೆಯಿರಿ. ಪ್ಯಾರಪೆಟ್ ತಲೆಯ ಹೊಸ ಸೀಳು ಆಗಲೇ ಮುಚ್ಚಿ.

ಮೊದಲ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ಸಜ್ಜದ ನೀರು ಎಲ್ಲಿ ಬೀಳುತ್ತಿದೆ, ಯಾವ ಪೈಪಿನ ಹಿಂದೆ ಗೋಡೆ ಒದ್ದೆಯಾಗುತ್ತಿದೆ, ಬುಡದಲ್ಲಿ ನೀರು ನಿಂತಿದೆಯಾ ನೋಡಿ. ಕಂಡದ್ದನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಬಿಸಿಲು ಬಂದ ಮೇಲೆ ಗೋಡೆ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ, ಮೇಸ್ತ್ರಿಗೆ ತೋರಿಸಲು ಆ ಫೋಟೊ ಬೇಕಾಗುತ್ತದೆ.